ಸ್ವಂತ ಹೆಸರಿನಲ್ಲಿ ಮಾತನಾಡುವ ಹಕ್ಕು: ಮೂಲನಿವಾಸಿಗಳೂ ಅಂತಾರಾಷ್ಟ್ರೀಯ ಸಭೆಗಳೂ

ಅಂತಾರಾಷ್ಟ್ರೀಯ ಕಾನೂನು ಮೂಲತಃ ಪ್ರಭುತ್ವಗಳು ತಮ್ಮತಮ್ಮೊಳಗೆ ಮಾಡಿಕೊಂಡ ಕಟ್ಟುಪಾಡು. ಅದರ ಸಭೆಗಳಲ್ಲಿ ಆಸನವಿದ್ದದ್ದು ಸರ್ಕಾರಗಳಿಗೆ ಮಾತ್ರ, ಅವುಗಳ ಆಳ್ವಿಕೆಗೆ ಒಳಪಟ್ಟ ಜನಸಮುದಾಯಗಳಿಗಲ್ಲ. ಹೊರಗಿನವರು ಬರುವ ಮೊದಲೇ ತಮ್ಮ ನೆಲ, ತಮ್ಮ ಕಟ್ಟಳೆ, ತಮ್ಮ ನ್ಯಾಯಪದ್ಧತಿಗಳೊಂದಿಗೆ ಬಾಳುತ್ತಿದ್ದು, ಅನಂತರ ಹುಟ್ಟಿದ ರಾಷ್ಟ್ರಗಳ ಗಡಿಯೊಳಗೆ ಸೇರಿಹೋದ ಮೂಲನಿವಾಸಿ ಜನಾಂಗಗಳು ಇದರಿಂದಾಗಿ ಬಿಡಿಸಲಾಗದ ಇಕ್ಕಟ್ಟಿಗೆ ಸಿಲುಕಿದವು: ಅವರ ದೂರು ಯಾವ ಸರ್ಕಾರದ ಮೇಲಿತ್ತೋ, ಹೊರಲೋಕದ ಎದುರು ಅವರ ಪರವಾಗಿ ಮಾತನಾಡುವ ಅಧಿಕಾರವೂ ಅದೇ ಸರ್ಕಾರದ ಕೈಯಲ್ಲಿತ್ತು. ಈ ಜನರ ಹಕ್ಕುಗಳ ಚರಿತ್ರೆಯನ್ನು ವಿಶ್ವಸಂಸ್ಥೆಯ 2007ರ ಘೋಷಣೆಯಿಂದ ಆರಂಭಿಸುವುದು ವಾಡಿಕೆಯಾಗಿದ್ದರೂ, ಆ ಘೋಷಣೆಯ ವಿಧಿಗಳಿಗಿಂತ ಹಿಂದಿನದೂ ಆಳವಾದುದೂ ಆದ ಪ್ರಶ್ನೆ ಒಂದಿದೆ. ಸಭೆಯಲ್ಲಿ ಎದ್ದು ನಿಂತು ಮಾತನಾಡಬಲ್ಲವರು ಯಾರು ಎಂಬುದೇ ಆ ಪ್ರಶ್ನೆ. ಕಳೆದ ನೂರು ವರ್ಷಗಳಲ್ಲಿ ಮೂಲನಿವಾಸಿಗಳು ಗಳಿಸಿದ್ದೆಲ್ಲವೂ ಅದಕ್ಕೆ ದೊರೆತ ಉತ್ತರವನ್ನೇ ಅವಲಂಬಿಸಿದೆ.

ಈ ಪ್ರಶ್ನೆಯನ್ನು ಜಿನೀವಾಕ್ಕೆ ಮೊದಲು ಒಯ್ದವನು ಕೆನಡಾದ ಗ್ರ್ಯಾಂಡ್ ನದಿಯ ದಂಡೆಯ ಕಯೂಗ ಜನರ ಮುಖಂಡ ಡೆಸ್ಕಾಹೆ. ಅವನ ಇಂಗ್ಲಿಷ್ ಹೆಸರು ಲೀವೈ ಜನರಲ್. ಕಯೂಗರೂ ಸೇರಿದ, ಇರೊಕ್ವಾ ಎಂದು ಯೂರೋಪಿಯನ್ನರು ಕರೆದ ಆರು ಜನಾಂಗಗಳ ಒಕ್ಕೂಟಕ್ಕೆ, ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಬ್ರಿಟಿಷರ ಪರ ನಿಂತು ನೆಲೆ ಕಳೆದುಕೊಂಡದ್ದಕ್ಕೆ ಪ್ರತಿಯಾಗಿ, 1784ರಲ್ಲಿ ಗವರ್ನರ್ ಹಾಲ್ಡಿಮಂಡ್ ಆ ನದಿಯ ಎರಡೂ ಬದಿಗೆ ಆರಾರು ಮೈಲಿ ಅಗಲದ ಭೂಮಿಯನ್ನು ಬಿಟ್ಟುಕೊಟ್ಟಿದ್ದ. ತಾವು ಬ್ರಿಟಿಷ್ ಅರಸೊತ್ತಿಗೆಯ ಮಿತ್ರರೇ ಹೊರತು ಪ್ರಜೆಗಳಲ್ಲವೆಂದು ನಂಬಿ ನಡೆದ ಆ ಜನರ ಮೇಲೆ ಕೆನಡಾ ಸರ್ಕಾರವು ಮೂಲನಿವಾಸಿಗಳನ್ನು ಕುರಿತ ತನ್ನ ಇಂಡಿಯನ್ ಕಾಯ್ದೆಯನ್ನು ಹೇರಹೊರಟಾಗ, ವಂಶಪಾರಂಪರ್ಯ ಮುಖಂಡರ ಸಭೆಯು ಡೆಸ್ಕಾಹೆಯನ್ನು ತನ್ನ ವಕ್ತಾರನನ್ನಾಗಿ ಹೊರದೇಶಕ್ಕೆ ಕಳುಹಿಸಿತು. ಮೊದಲ ಮಹಾಯುದ್ಧದ ನಂತರ ಲೀಗ್ ಆಫ್ ನೇಷನ್ಸ್ ಎಂಬ ಹೆಸರಿನಲ್ಲಿ ಸ್ಥಾಪನೆಯಾಗಿದ್ದ ರಾಷ್ಟ್ರಸಂಘದ ಕಟ್ಟಳೆಯ 17ನೆಯ ವಿಧಿಯು ಸದಸ್ಯ ರಾಷ್ಟ್ರಕ್ಕೂ ಸದಸ್ಯತ್ವವಿಲ್ಲದ ರಾಷ್ಟ್ರಕ್ಕೂ ನಡುವೆ ಹುಟ್ಟುವ ವಿವಾದವನ್ನು ಕುರಿತದ್ದು. ಅವನು ಹಿಡಿದದ್ದು ಆ ವಿಧಿಯನ್ನೇ. ದಯೆ ಬೇಡದೆ, ತನ್ನ ಜನವೂ ಒಂದು ರಾಷ್ಟ್ರ ಎಂಬ ನೆಲೆಯಿಂದ ನ್ಯಾಯ ಕೇಳಿದ್ದು ಅವನ ಮನವಿಯ ಹಿರಿಮೆ.

1923ರಲ್ಲಿ ತನ್ನ ಜನರೇ ನೀಡಿದ ಪಾಸ್‌ಪೋರ್ಟ್ ಹಿಡಿದು ಡೆಸ್ಕಾಹೆ ಜಿನೀವಾ ತಲುಪಿದ. ಹಳೆಯ ಸ್ನೇಹಸಂಬಂಧದ ನೆನಪಿನಿಂದ ನೆದರ್ಲೆಂಡ್ಸ್ ಅವನ ಅರ್ಜಿಯನ್ನು ರಾಷ್ಟ್ರಸಂಘಕ್ಕೆ ದಾಟಿಸಿತು. ಪರ್ಷಿಯಾ, ಐರ್ಲೆಂಡ್, ಪನಾಮಾ, ಎಸ್ಟೋನಿಯಾಗಳು ವಿಷಯವನ್ನು ಸಭೆಯ ಮುಂದಿಡಬೇಕೆಂದವು. ಈ ನಾಲ್ಕೂ ದೊಡ್ಡ ಶಕ್ತಿಗಳ ನೆರಳಿನಲ್ಲಿ ಬಾಳಿದ ದೇಶಗಳು. ಸಣ್ಣವರ ದೂರು ಸಣ್ಣವರಿಗೇ ಕೇಳಿಸಿದ್ದು ಆಕಸ್ಮಿಕವೆಂದು ತೋರುವುದಿಲ್ಲ. ಇದು ತನ್ನ ಸಾಮ್ರಾಜ್ಯದ ಒಳಗಿನ ವಿಚಾರವೆಂದು ಬ್ರಿಟನ್ ಒತ್ತಡ ತಂದುದರಿಂದ ಅರ್ಜಿ ಮುಂದೆ ಸಾಗಲಿಲ್ಲ. ಪರಾಧೀನವಾಗಿದ್ದ ಭಾರತಕ್ಕೆ ಇದೇ ರಾಷ್ಟ್ರಸಂಘದಲ್ಲಿ ಸ್ಥಾಪಕ ಸದಸ್ಯನ ಸ್ಥಾನವಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಸಾಮ್ರಾಜ್ಯಕ್ಕೆ ಅನುಕೂಲವಾದಾಗ ಸ್ವಾತಂತ್ರ್ಯವಿಲ್ಲದ ದೇಶಕ್ಕೂ ಕುರ್ಚಿ ಸಿಗುತ್ತಿತ್ತು, ಅನುಕೂಲವಿಲ್ಲದಾಗ ಶತಮಾನಗಳಿಂದ ಸ್ವಯಮಾಡಳಿತ ನಡೆಸಿದವರಿಗೂ ಬಾಗಿಲು ಮುಚ್ಚುತ್ತಿತ್ತು. ಡೆಸ್ಕಾಹೆ ಇನ್ನೂ ಯೂರೋಪಿನಲ್ಲಿದ್ದಾಗಲೇ, 1924ರಲ್ಲಿ, ಕೆನಡಾ ಸರ್ಕಾರವು ಗ್ರ್ಯಾಂಡ್ ನದಿಯ ಪಾರಂಪರಿಕ ಸಭೆಯನ್ನು ರದ್ದುಗೊಳಿಸಿ ಚುನಾಯಿತ ಮಂಡಳಿಯನ್ನು ಕೂರಿಸಿತು. ಒಪ್ಪಂದಗಳ ಸಾಕ್ಷ್ಯವಾಗಿ ಆ ಜನರು ಕಾಪಾಡಿಕೊಂಡು ಬಂದಿದ್ದ, ಚಿಪ್ಪಿನ ಮಣಿಗಳಿಂದ ನೇಯ್ದ ವಾಂಪಮ್ ಪಟ್ಟಿಗಳನ್ನು ಪೊಲೀಸರು ವಶಪಡಿಸಿಕೊಂಡರು. ಡೆಸ್ಕಾಹೆ 1925ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ತೀರಿಕೊಂಡ. ಎರಡು ವರ್ಷ ಕಳೆದ ಮೇಲೆ ಕೆನಡಾ ತನ್ನ ಕಾಯ್ದೆಗೆ ತಿದ್ದುಪಡಿ ತಂದು, ಭೂಮಿಯ ಹಕ್ಕಿಗಾಗಿ ದಾವೆ ಹೂಡಲು ಮೂಲನಿವಾಸಿಗಳು ಸರ್ಕಾರದ ಅನುಮತಿಯಿಲ್ಲದೆ ಹಣ ಸಂಗ್ರಹಿಸುವುದನ್ನೇ ಅಪರಾಧವನ್ನಾಗಿ ಮಾಡಿತು. ಆ ವಿಧಿ 1951ರವರೆಗೂ ಜಾರಿಯಲ್ಲಿತ್ತು. ಅದೇ ಕಾಲದಲ್ಲಿ ನ್ಯೂಜಿಲೆಂಡಿನ ಮಾವೋರಿ ಧಾರ್ಮಿಕ ನಾಯಕ ರಾತನಾ 1840ರ ವೈತಾಂಗಿ ಒಪ್ಪಂದವನ್ನು ಪಾಲಿಸಬೇಕೆಂದು ಕೇಳಲು ಲಂಡನ್ನಿಗೆ ಹೋಗಿ ದೊರೆಯ ಭೇಟಿ ಸಿಗದೆ ಮರಳಿದ; ರಾಷ್ಟ್ರಸಂಘಕ್ಕೆ ಮನವಿ ಒಯ್ಯುವ ಪ್ರಯತ್ನವೂ ಫಲಿಸಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಹುಟ್ಟಿದ ವಿಶ್ವಸಂಸ್ಥೆ ಮಾನವ ಹಕ್ಕುಗಳನ್ನು ಎತ್ತಿ ಹಿಡಿದರೂ, ಆ ಹಕ್ಕುಗಳನ್ನು ಕಲ್ಪಿಸಿಕೊಂಡದ್ದು ಬಿಡಿ ವ್ಯಕ್ತಿಗೆ ಸಂಬಂಧಿಸಿ; ಕುಲವೊಂದು ಸಾಮೂಹಿಕವಾಗಿ ಹೊಂದಿದ ಕಾಡು, ಬೇಟೆಯ ನೆಲ, ದೇವರಬನಗಳಿಗೆ ಆ ಚೌಕಟ್ಟಿನಲ್ಲಿ ಸ್ಥಳವಿರಲಿಲ್ಲ. ಈ ಜನರನ್ನು ನೇರವಾಗಿ ಕುರಿತ ಮೊದಲ ಅಂತಾರಾಷ್ಟ್ರೀಯ ಒಡಂಬಡಿಕೆ ಬಂದದ್ದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯಿಂದ, 1957ರಲ್ಲಿ. 107ನೆಯ ಒಡಂಬಡಿಕೆ ಎಂದು ಹೆಸರಾದ ಅದನ್ನು ಭಾರತವು 1958ರಲ್ಲಿ ಅಂಗೀಕರಿಸಿ ತನ್ನನ್ನು ಅದಕ್ಕೆ ಬದ್ಧಗೊಳಿಸಿಕೊಂಡಿತು. ಪರಂಪರೆಯಿಂದ ಅನುಭವಿಸುತ್ತ ಬಂದ ಭೂಮಿಯ ಮೇಲೆ ಸಾಮೂಹಿಕವಾಗಿಯಾಗಲಿ ಒಬ್ಬೊಬ್ಬರಾಗಿಯಾಗಲಿ ಅವರಿಗಿರುವ ಒಡೆತನವನ್ನು ಅದರ 11ನೆಯ ವಿಧಿ ಒಪ್ಪುತ್ತದೆ. ಆದರೆ 12ನೆಯ ವಿಧಿಯು, ಅವರ ಒಪ್ಪಿಗೆಯಿಲ್ಲದೆ ಎಬ್ಬಿಸಬಾರದೆಂದು ಹೇಳಿದ ಉಸಿರಿನಲ್ಲೇ, ರಾಷ್ಟ್ರೀಯ ಭದ್ರತೆ, ಆರ್ಥಿಕ ಅಭಿವೃದ್ಧಿ, ಆರೋಗ್ಯಗಳ ಕಾರಣಕ್ಕೆ ವಿನಾಯಿತಿಯನ್ನೂ ಕೊಡುತ್ತದೆ. ಒಡಂಬಡಿಕೆಯ ಒಟ್ಟು ಧೋರಣೆ, ಈ ಜನರು ಕಾಲಕ್ರಮದಲ್ಲಿ ಬಹುಸಂಖ್ಯಾತರಲ್ಲಿ ಕರಗಿಹೋಗುವವರು, ಅಲ್ಲಿಯವರೆಗೆ ಅವರನ್ನು ಕಾಪಾಡಬೇಕು ಎಂಬುದಾಗಿತ್ತು. ಕಾರ್ಮಿಕ ಸಂಘಟನೆಯ ಸಭೆಯಲ್ಲಿ ಸರ್ಕಾರ, ಮಾಲೀಕ, ಕಾರ್ಮಿಕ ಎಂಬ ಮೂರು ಪಕ್ಷಗಳಿಗೆ ಮಾತ್ರ ಸ್ಥಾನವಿದ್ದುದರಿಂದ, ಯಾರ ಬದುಕಿನ ಬಗ್ಗೆ ಒಡಂಬಡಿಕೆ ಸಿದ್ಧವಾಯಿತೋ ಅವರಿಗೆ ಅದನ್ನು ರಚಿಸುವ ಮೇಜಿನಲ್ಲಿ ಪಾಲಿರಲಿಲ್ಲ. ಅದರ ಧೋರಣೆಗೂ ಈ ಗೈರುಹಾಜರಿಗೂ ಇರುವ ಸಂಬಂಧವನ್ನು ಬೇರೆಯಾಗಿ ವಿವರಿಸಬೇಕಿಲ್ಲ.

1970ರ ದಶಕದಲ್ಲಿ ಪರಿಸ್ಥಿತಿ ಬದಲಾಗತೊಡಗಿತು. 1971ರಲ್ಲಿ ವಿಶ್ವಸಂಸ್ಥೆಯ ಉಪ ಆಯೋಗವೊಂದು ಮೂಲನಿವಾಸಿಗಳ ಮೇಲಿನ ತಾರತಮ್ಯವನ್ನು ಅಧ್ಯಯನ ಮಾಡಲು ಈಕ್ವೆಡಾರಿನ ಹೊಸೆ ಮಾರ್ಟಿನೆಸ್ ಕೋಬೊ ಅವರನ್ನು ನೇಮಿಸಿತು. ಹತ್ತು ವರ್ಷಗಳಿಗೂ ಮಿಕ್ಕಿ ನಡೆದ ಆ ಬೃಹತ್ ಅಧ್ಯಯನದ ಬಹುಪಾಲು ಶ್ರಮ ಗ್ವಾಟೆಮಾಲಾದ ವಕೀಲ ಔಗುಸ್ತೊ ವಿಲೆಮ್ಸೆನ್ ದಿಯಾಸ್ ಅವರದು. ಕೆನಡಾದ ಸೆಕ್ವೆಪೆಮ್ ನಾಯಕ ಜಾರ್ಜ್ ಮ್ಯಾನುಯೆಲ್ ಅವರ ಮುಂದಾಳತ್ವದಲ್ಲಿ 1975ರಲ್ಲಿ ಮೂಲನಿವಾಸಿಗಳ ವಿಶ್ವ ಮಂಡಳಿ ರೂಪುಗೊಂಡಿತು. ಅದಕ್ಕೆ ಒಂದು ವರ್ಷ ಮೊದಲೇ ಸ್ಟ್ಯಾಂಡಿಂಗ್ ರಾಕ್‌ನಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಇಂಡಿಯನ್ ಒಪ್ಪಂದ ಮಂಡಳಿಯು 1977ರಲ್ಲಿ ವಿಶ್ವಸಂಸ್ಥೆಯ ಸಮಾಲೋಚಕ ಸ್ಥಾನವನ್ನು ಪಡೆಯಿತು. ಸರ್ಕಾರಕ್ಕೆ ಸೇರದ ಸಂಸ್ಥೆಯೊಂದು ಸಭೆಗಳಲ್ಲಿ ಹಾಜರಿದ್ದು ಹೇಳಿಕೆ ಸಲ್ಲಿಸಲು ಅವಕಾಶ ನೀಡುವ ಮಾನ್ಯತೆ ಇದು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕ ಖಂಡಗಳ ಮೂಲನಿವಾಸಿ ಪ್ರತಿನಿಧಿಗಳು ಜಿನೀವಾದ ವಿಶ್ವಸಂಸ್ಥೆಯ ಭವನದಲ್ಲಿ ಸಮ್ಮೇಳನ ನಡೆಸಿದರು. ಇರೊಕ್ವಾ ಒಕ್ಕೂಟದವರು ಡೆಸ್ಕಾಹೆಯಂತೆ ತಮ್ಮದೇ ಪಾಸ್‌ಪೋರ್ಟ್ ಹಿಡಿದು ಬಂದಿದ್ದರು.

ಅದೇ 1977ರ ಕೊನೆಯಲ್ಲಿ ಕೆನಡಾದ ಟೊಬೀಕ್ ಮೀಸಲು ಪ್ರದೇಶದ ಸ್ಯಾಂಡ್ರಾ ಲವ್‌ಲೇಸ್ ಎಂಬ ಮಹಿಳೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಸಲ್ಲಿಸಿದರು. ಮೂಲನಿವಾಸಿ ಪುರುಷ ಹೊರಗಿನ ಹೆಣ್ಣನ್ನು ಮದುವೆಯಾದರೆ ಅವನ ಸ್ಥಾನಮಾನಕ್ಕೆ ಕುಂದಿಲ್ಲ, ಹೆಣ್ಣು ಹೊರಗಿನವನನ್ನು ಮದುವೆಯಾದರೆ ಅವಳು ಮೂಲನಿವಾಸಿಯೇ ಅಲ್ಲ ಎಂಬ ಇಂಡಿಯನ್ ಕಾಯ್ದೆಯ ನಿಯಮದಿಂದಾಗಿ, ವಿವಾಹ ಮುರಿದ ಮೇಲೂ ಅವರಿಗೆ ಹುಟ್ಟಿದ ಊರಿನಲ್ಲಿ ನೆಲೆಸುವ ಹಕ್ಕಿರಲಿಲ್ಲ. 1979ರಲ್ಲಿ ಟೊಬೀಕ್‌ನ ಹೆಂಗಸರು ಇದೇ ಅನ್ಯಾಯದ ವಿರುದ್ಧ ರಾಜಧಾನಿ ಒಟ್ಟಾವದವರೆಗೆ ಪಾದಯಾತ್ರೆ ನಡೆಸಿದರು. 1981ರ ಜುಲೈ 30ರಂದು ಸಮಿತಿಯು, ಅಲ್ಪಸಂಖ್ಯಾತರು ತಮ್ಮ ಸಮುದಾಯದ ಇತರರೊಡನೆ ಕೂಡಿ ತಮ್ಮ ಸಂಸ್ಕೃತಿಯನ್ನು ಬಾಳುವ ಹಕ್ಕನ್ನು ಕಾಯುವ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 27ನೆಯ ವಿಧಿಯನ್ನು ಕೆನಡಾ ಉಲ್ಲಂಘಿಸಿದೆ ಎಂದು ತೀರ್ಮಾನಿಸಿತು. 1985ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಈ ಪ್ರಕರಣ ಎರಡು ಕಾರಣಕ್ಕೆ ಮುಖ್ಯ. ಸಮಿತಿಯ ಅಭಿಪ್ರಾಯವನ್ನು ಬಲವಂತವಾಗಿ ಜಾರಿಗೊಳಿಸುವ ಪೊಲೀಸರು ಎಲ್ಲಿಯೂ ಇಲ್ಲದಿದ್ದರೂ ಲೋಕದೆದುರಿನ ಮುಜುಗರಕ್ಕೆ ಕಾನೂನನ್ನು ಬದಲಿಸುವ ಶಕ್ತಿಯಿದೆ ಎಂಬುದನ್ನು ಅದು ತೋರಿಸಿತು. ಮೂಲನಿವಾಸಿ ಸಮುದಾಯದೊಳಗಿನ ಹೆಣ್ಣಿನ ದನಿಯೂ ಅಂತಾರಾಷ್ಟ್ರೀಯ ವೇದಿಕೆಗೆ ನೇರವಾಗಿ ತಲುಪಬಹುದೆಂಬುದನ್ನೂ ಸ್ಥಾಪಿಸಿತು.

ಆದರೂ ನಿಜವಾದ ತಿರುವು ಬಂದದ್ದು 1982ರ ಆಗಸ್ಟಿನಲ್ಲಿ, ಮೂಲನಿವಾಸಿ ಸಮುದಾಯಗಳ ಕಾರ್ಯತಂಡವು ಮೊದಲ ಬಾರಿಗೆ ಸೇರಿದಾಗ. ಐವರು ತಜ್ಞರ ಈ ತಂಡ ವಿಶ್ವಸಂಸ್ಥೆಯ ಮೆಟ್ಟಿಲುಗಳಲ್ಲಿ ತೀರ ಕೆಳಗಿನದಾಗಿತ್ತು. ಅದರ ಮೇಲೆ ಉಪ ಆಯೋಗ, ಅದರ ಮೇಲೆ ಮಾನವ ಹಕ್ಕುಗಳ ಆಯೋಗ, ಅದರ ಮೇಲೆ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ, ಎಲ್ಲಕ್ಕೂ ಮೇಲೆ ಮಹಾಸಭೆ ಇದ್ದವು. ಅಧ್ಯಕ್ಷರಾದ ನಾರ್ವೆಯ ಆಸ್ಬ್ಯೋರ್ನ್ ಐಡೆ ಮತ್ತು 1984ರಿಂದ ದೀರ್ಘಕಾಲ ಆ ಸ್ಥಾನದಲ್ಲಿದ್ದ ಗ್ರೀಸಿನ ಎರಿಕಾ ಐರೀನ್ ದಾಯಿಸ್ ಅವರ ಕಾಲದಲ್ಲಿ ಒಂದು ಪದ್ಧತಿ ಬೇರೂರಿತು: ಸಮಾಲೋಚಕ ಸ್ಥಾನದ ಪತ್ರ ಇದ್ದರೂ ಇಲ್ಲದಿದ್ದರೂ, ಬಂದ ಮೂಲನಿವಾಸಿ ಪ್ರತಿನಿಧಿ ಯಾರೇ ಆಗಲಿ, ಮಾತನಾಡಬಹುದು. ಯಾವ ಒಡಂಬಡಿಕೆಯಲ್ಲೂ ಬರೆಯದ ಈ ನಡಾವಳಿಯೇ ಮುಂದಿನದನ್ನೆಲ್ಲ ಸಾಧ್ಯವಾಗಿಸಿತು ಎಂದರೆ ಅತಿಶಯೋಕ್ತಿಯಲ್ಲ. ಪ್ರಯಾಣದ ವೆಚ್ಚ ಭರಿಸಲು 1985ರಲ್ಲಿ ಸ್ವಯಂಪ್ರೇರಿತ ದೇಣಿಗೆಯ ನಿಧಿ ಸ್ಥಾಪನೆಯಾಯಿತು. ಪ್ರತಿ ಬೇಸಿಗೆಯಲ್ಲೂ ಜಿನೀವಾಕ್ಕೆ ಬರುವವರ ಸಂಖ್ಯೆ ಹೆಚ್ಚುತ್ತ ಹೋಯಿತು. ಆರ್ಕ್ಟಿಕ್‌ನ ಸಾಮಿ ಹಿಮಸಾರಂಗ ಸಾಕಣೆಗಾರರು, ಆಸ್ಟ್ರೇಲಿಯಾದ ಮೂಲಜನರು, ಚಿತ್ತಗಾಂಗ್ ಗುಡ್ಡಗಾಡಿನ ಜುಮ್ಮರು, ಫಿಲಿಪೀನ್ಸ್‌ನ ಕಾರ್ಡಿಯೆರಾದವರು ತಮ್ಮ ಸಂಕಟ ಒಂದೇ ಬಗೆಯದೆಂಬುದನ್ನು ಅಲ್ಲಿ ಪರಸ್ಪರ ಕಂಡುಕೊಂಡರು. ಭಾರತದಿಂದ ಮುಂಡಾ ಸಮುದಾಯದ ವಿದ್ವಾಂಸ ರಾಮದಯಾಳ್ ಮುಂಡಾ ಆ ಸಭೆಗಳಲ್ಲಿ ಭಾಗವಹಿಸಿದರು.

ಜಪಾನಿನ ಐನು ಜನರ ಉದಾಹರಣೆ ಕಾರ್ಯತಂಡ ತೆರೆದ ಈ ಬಾಗಿಲಿನ ಬೆಲೆಯನ್ನು ತಿಳಿಸುತ್ತದೆ. 1986ರಲ್ಲಿ ಜಪಾನಿನ ಪ್ರಧಾನಿ ನಕಾಸೋನೆ ತಮ್ಮದು ಒಂದೇ ಜನಾಂಗದ ದೇಶವೆಂದು ಹೇಳಿದ ಮರುವರ್ಷವೇ ಐನು ಪ್ರತಿನಿಧಿಗಳು ಕಾರ್ಯತಂಡದ ಮುಂದೆ ಹಾಜರಾದರು. 1992ರ ಡಿಸೆಂಬರ್ 10ರಂದು, ಮೂಲನಿವಾಸಿಗಳ ಅಂತಾರಾಷ್ಟ್ರೀಯ ವರ್ಷದ ಉದ್ಘಾಟನೆಯಲ್ಲಿ, ಐನು ನಾಯಕ ನೊಮುರಾ ಗಿಇಚಿ ಮಹಾಸಭೆಯ ವೇದಿಕೆಯಿಂದಲೇ ಮಾತನಾಡಿದರು. 2008ರಲ್ಲಿ ಜಪಾನಿನ ಸಂಸತ್ತು ಐನು ಜನರನ್ನು ಮೂಲನಿವಾಸಿಗಳೆಂದು ಮಾನ್ಯ ಮಾಡಬೇಕೆಂಬ ನಿರ್ಣಯ ಅಂಗೀಕರಿಸಿತು, 2019ರಲ್ಲಿ ಕಾನೂನೂ ಬಂದಿತು. ಸ್ವದೇಶದಲ್ಲಿ ಅಸ್ತಿತ್ವವನ್ನೇ ಅಲ್ಲಗಳೆಯಲ್ಪಟ್ಟವರಿಗೆ ಪರದೇಶದ ಸಭಾಂಗಣದಲ್ಲಿ ದೊರೆತ ಕೆಲವು ನಿಮಿಷಗಳು ಎಷ್ಟು ದೂರ ಸಾಗಿದವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕಾರ್ಮಿಕ ಸಂಘಟನೆಯೂ ತನ್ನ ಹಳೆಯ ಧೋರಣೆಯನ್ನು ಕೈಬಿಟ್ಟು 1989ರಲ್ಲಿ 169ನೆಯ ಒಡಂಬಡಿಕೆಯನ್ನು ತಂದಿತು. ಕರಗಿಸಿಕೊಳ್ಳುವ ಮಾತು ಹೋಗಿ, ಬಾಧಿತ ಜನರೊಡನೆ ಅವರ ಪ್ರಾತಿನಿಧಿಕ ಸಂಸ್ಥೆಗಳ ಮೂಲಕ ಸಮಾಲೋಚಿಸಬೇಕೆಂಬ ಕರ್ತವ್ಯ ಅದರಲ್ಲಿ ಕೇಂದ್ರಸ್ಥಾನ ಪಡೆಯಿತು. ನೇಪಾಳ ಅದನ್ನು ಅಂಗೀಕರಿಸಿದೆ, ಭಾರತ ಅಂಗೀಕರಿಸಿಲ್ಲ. ಇತ್ತ ಕಾರ್ಯತಂಡವು 1985ರಲ್ಲಿ ಆರಂಭಿಸಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯ ಕರಡನ್ನು 1993ರಲ್ಲಿ ಪೂರ್ಣಗೊಳಿಸಿತು. ಅನಂತರ ಅದು ಸರ್ಕಾರಗಳ ಕೈಗೆ ಸಿಕ್ಕಿ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಒಂದೊಂದು ವಿಧಿಗೂ ಚೌಕಾಸಿ ನಡೆಯಿತು. 2006ರ ಕೊನೆಯಲ್ಲಿ ಆಫ್ರಿಕದ ದೇಶಗಳು ಮಹಾಸಭೆಯಲ್ಲಿ ಅದನ್ನು ಮುಂದೂಡಿಸಿದವು. ಎಲ್ಲ ಆಫ್ರಿಕನ್ನರೂ ಮೂಲನಿವಾಸಿಗಳೇ, ಹೀಗಿರುವಾಗ ಕೆಲವರಿಗೆ ಮಾತ್ರ ಪ್ರತ್ಯೇಕ ಹಕ್ಕು ಏಕೆ, ಸ್ವನಿರ್ಣಯವೆಂದರೆ ದೇಶ ಒಡೆಯುವುದೇ ಎಂಬುದು ಅವುಗಳ ಆತಂಕ. ಇದಕ್ಕೆ ಉತ್ತರ ಬಂದದ್ದು ಆಫ್ರಿಕದಿಂದಲೇ: 2007ರಲ್ಲಿ ಆ ಖಂಡದ ಮಾನವ ಹಕ್ಕುಗಳ ಆಯೋಗವು ನೀಡಿದ ಸಲಹಾ ಅಭಿಪ್ರಾಯವು, ಮೊದಲು ಬಂದವರು ಯಾರು ಎಂಬುದಕ್ಕಿಂತ, ನೆಲದೊಡನೆ ವಿಶಿಷ್ಟ ಬಾಂಧವ್ಯ ಹೊಂದಿ, ಅಂಚಿಗೆ ತಳ್ಳಲ್ಪಟ್ಟು, ತಮ್ಮನ್ನು ತಾವು ಪ್ರತ್ಯೇಕ ಜನವೆಂದು ಗುರುತಿಸಿಕೊಳ್ಳುವವರ ಸ್ಥಿತಿಯೇ ಮುಖ್ಯವೆಂದು ವಿವರಿಸಿತು. ರಾಷ್ಟ್ರಗಳ ಭೌಗೋಳಿಕ ಅಖಂಡತೆಗೆ ಧಕ್ಕೆಯಿಲ್ಲವೆಂಬ ಮಾತು ಕೊನೆಯ ವಿಧಿಯಲ್ಲಿ ಸೇರಿದ ಮೇಲೆ, 2007ರ ಸೆಪ್ಟೆಂಬರ್ 13ರಂದು 144 ದೇಶಗಳು ಘೋಷಣೆಯ ಪರ ಮತ ನೀಡಿದವು, 11 ತಟಸ್ಥವಾಗಿ ಉಳಿದವು. ವಿರೋಧಿಸಿದವು ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. 2009 ಮತ್ತು 2010ರಲ್ಲಿ ಈ ನಾಲ್ಕೂ ತಮ್ಮ ನಿಲುವು ಬದಲಿಸಿದವು.

ಘೋಷಣೆಯ 46 ವಿಧಿಗಳಲ್ಲಿ ಸ್ವನಿರ್ಣಯದ 3ನೆಯ ವಿಧಿ ಹೆಚ್ಚು ಪ್ರಸಿದ್ಧವಾದರೂ, ತಮಗೆ ಸಂಬಂಧಿಸಿದ ನಿರ್ಧಾರಗಳಲ್ಲಿ ತಾವೇ ಆರಿಸಿದ ಪ್ರತಿನಿಧಿಗಳ ಮೂಲಕ ಪಾಲ್ಗೊಳ್ಳುವ ಹಕ್ಕನ್ನು ಹೇಳುವ 18ನೆಯ ವಿಧಿಯೂ, ಒತ್ತಾಯವಿಲ್ಲದೆ, ಕಾರ್ಯ ಆರಂಭವಾಗುವ ಮೊದಲೇ, ಎಲ್ಲ ಮಾಹಿತಿ ತಿಳಿದು ನೀಡುವ ಒಪ್ಪಿಗೆಯನ್ನು ಕೇಳಬೇಕೆನ್ನುವ 19ನೆಯ ವಿಧಿಯೂ ಅದರ ಬೆನ್ನೆಲುಬು. ಈ ನಡುವೆ ಸ್ಥಾಯಿ ಸಂಸ್ಥೆಗಳೂ ಮೂಡಿದ್ದವು: 2001ರಲ್ಲಿ ವಿಶೇಷ ವರದಿಗಾರರ ಹುದ್ದೆ, 2002ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಸೇರಿದ ಶಾಶ್ವತ ವೇದಿಕೆ, 2007ರಲ್ಲಿ ತಜ್ಞರ ವ್ಯವಸ್ಥೆ. ಶಾಶ್ವತ ವೇದಿಕೆಯ 16 ಸದಸ್ಯರಲ್ಲಿ ಎಂಟು ಮಂದಿ ಸರ್ಕಾರಗಳು ಸೂಚಿಸಿದವರಾದರೆ ಉಳಿದ ಎಂಟು ಮಂದಿ ಮೂಲನಿವಾಸಿ ಸಂಘಟನೆಗಳ ಸಮಾಲೋಚನೆಯಿಂದ ಬಂದವರು. ಇಬ್ಬರೂ ಸಮಾನ ನೆಲೆಯಲ್ಲಿ ಕೂರುವ ಇಂಥ ಏರ್ಪಾಡು ವಿಶ್ವಸಂಸ್ಥೆಯಲ್ಲಿ ಹೊಸದಾಗಿತ್ತು. ಆದರೂ ಡೆಸ್ಕಾಹೆ ಎತ್ತಿದ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ: ಕುಲಸಭೆಯೊಂದು ತನ್ನನ್ನು ಆಡಳಿತ ಸಂಸ್ಥೆಯೆಂದು ಭಾವಿಸಿದರೂ ಮಹಾಸಭೆಯ ನಿಯಮಾವಳಿಯಲ್ಲಿ ಅದಕ್ಕೆ ತಕ್ಕ ಪ್ರತ್ಯೇಕ ಸ್ಥಾನವಿಲ್ಲ, ಅದನ್ನು ಕುರಿತ ಸಮಾಲೋಚನೆಗಳು 2017ರಲ್ಲಿ ಹೊಸ ಮಾನ್ಯತೆಯಿಲ್ಲದೆಯೇ ಕೊನೆಗೊಂಡವು. ಮಾತನಾಡಿದವರು ತೆರುವ ಬೆಲೆಯೂ ಕಡಿಮೆಯಾಗಿಲ್ಲ. ವಿಶೇಷ ವರದಿಗಾರರಾಗಿದ್ದ ಕಾರ್ಡಿಯೆರಾದ ವಿಕ್ಟೋರಿಯಾ ತೌಲಿ ಕೊರ್ಪೂಸ್ ಅವರ ಹೆಸರನ್ನೇ ಫಿಲಿಪೀನ್ಸ್ ಸರ್ಕಾರವು 2018ರಲ್ಲಿ ಭಯೋತ್ಪಾದಕರೆಂದು ಆರೋಪಿಸಿದವರ ಪಟ್ಟಿಯಲ್ಲಿ ಸೇರಿಸಿ ನ್ಯಾಯಾಲಯಕ್ಕೆ ಸಲ್ಲಿಸಿತ್ತು. ಅನಂತರ ನ್ಯಾಯಾಲಯ ಅದನ್ನು ತೆಗೆದುಹಾಕಿತು. ವಿಶ್ವಸಂಸ್ಥೆಯ ಹುದ್ದೆಯಲ್ಲಿದ್ದವರಿಗೇ ಹೀಗಾದರೆ ಕಾಡಿನ ಅಂಚಿನ ಹಳ್ಳಿಯಿಂದ ಬಂದು ಸಾಕ್ಷಿ ನುಡಿದವರ ಗತಿಯನ್ನು ಊಹಿಸಬಹುದು.

ಭಾರತವು ಘೋಷಣೆಯ ಪರವಾಗಿಯೇ ಮತ ನೀಡಿತು. ಆದರೆ ಸ್ವನಿರ್ಣಯದ ಹಕ್ಕು ಪರಕೀಯ ಆಳ್ವಿಕೆಯಲ್ಲಿರುವವರಿಗೆ ಮಾತ್ರ ಸಲ್ಲುವುದೆಂದು ಅದೇ ದಿನ ವಿವರಣೆ ನೀಡಿತು. ದೇಶದ ಎಲ್ಲ ಪ್ರಜೆಗಳೂ ಮೂಲನಿವಾಸಿಗಳೇ ಎಂಬ ವಾದವನ್ನು ಅದು ಬಹುಕಾಲದಿಂದ ಮಂಡಿಸುತ್ತ ಬಂದಿದೆ. ಸಾವಿರಾರು ವರ್ಷಗಳ ವಲಸೆ, ಬೆರೆಯುವಿಕೆಗಳ ನಾಡಿನಲ್ಲಿ ಮೊದಲಿಗರನ್ನು ಗುರುತಿಸುವುದು ಕಷ್ಟವೆಂಬ ಆಂದ್ರೆ ಬೆತೆಯ್ ಅವರಂಥ ಸಮಾಜಶಾಸ್ತ್ರಜ್ಞರ ಸಂದೇಹ ಹುರುಳಿಲ್ಲದ್ದಲ್ಲ. ಆದರೆ ಆಫ್ರಿಕದ ಆಯೋಗ ಕಂಡುಕೊಂಡಂತೆ, ಆದಿವಾಸಿಗಳು ಕೇಳುತ್ತಿರುವುದು ಮೊದಲು ಬಂದವರೆಂಬ ಪ್ರಶಸ್ತಿಪತ್ರವನ್ನಲ್ಲ. ತಮ್ಮನ್ನು ಕೇಳದೆ ತಮ್ಮ ನೆಲದ ಬಗ್ಗೆ ತೀರ್ಮಾನಿಸಬಾರದು ಎಂಬುದನ್ನು. ಹೊರಗೆ ಒಪ್ಪಿದ ತತ್ತ್ವವನ್ನು ಒಳಗೆ ಯಾರಿಗೂ ಅನ್ವಯಿಸುವುದಿಲ್ಲವೆನ್ನುವ ನಿಲುವು ಆ ಬೇಡಿಕೆಗೆ ಉತ್ತರವಾಗಲಾರದು.

ಕರ್ನಾಟಕದ ಮಟ್ಟಿಗೆ ಈ ಚರಿತ್ರೆ ದೂರದ್ದಲ್ಲ. ನಾಗರಹೊಳೆಯ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ವನ್ಯಜೀವಿ ಸಂರಕ್ಷಣೆಯ ಹೆಸರಿನಲ್ಲಿ 1970ರ ದಶಕದಿಂದ ತಮ್ಮ ವಸತಿಗಳಾದ ಹಾಡಿಗಳನ್ನು ಕಳೆದುಕೊಳ್ಳುತ್ತ ಬಂದವು. 1990ರ ದಶಕದಲ್ಲಿ ಆ ಉದ್ಯಾನವೂ ಸೇರಿದಂತೆ ದೇಶದ ಏಳು ಸಂರಕ್ಷಿತ ಪ್ರದೇಶಗಳಿಗೆ ವಿಶ್ವಬ್ಯಾಂಕಿನ ನೆರವಿನ ಪರಿಸರ ಅಭಿವೃದ್ಧಿ ಯೋಜನೆ ಬಂದಾಗ, ಮೂಲನಿವಾಸಿಗಳನ್ನು ಕುರಿತ ಬ್ಯಾಂಕಿನ ಸ್ವಂತ ನೀತಿಯನ್ನೇ ಆಧಾರವಾಗಿಟ್ಟುಕೊಂಡು, ತಮ್ಮೊಡನೆ ಸಮಾಲೋಚಿಸದೆ ಯೋಜನೆ ರೂಪಿಸಲಾಗಿದೆ ಎಂಬ ದೂರನ್ನು ಅಲ್ಲಿನ ಆದಿವಾಸಿಗಳ ಪರವಾಗಿ 1998ರಲ್ಲಿ ವಾಷಿಂಗ್ಟನ್ನಿನ ಪರಿಶೀಲನಾ ಸಮಿತಿಗೆ ಸಲ್ಲಿಸಲಾಯಿತು. ಬ್ಯಾಂಕಿನ ಯೋಜನೆಯಿಂದ ಬಾಧಿತರಾದವರ ಅಹವಾಲು ಕೇಳಲು 1993ರಲ್ಲಿ ಸ್ಥಾಪಿಸಿದ ಸ್ವತಂತ್ರ ಸಮಿತಿ ಅದು. ಸಮಿತಿಯು ತನಿಖೆಗೆ ಶಿಫಾರಸು ಮಾಡಿತು, ಬ್ಯಾಂಕಿನ ನಿರ್ದೇಶಕ ಮಂಡಳಿ ತನಿಖೆಗೆ ಒಪ್ಪಿಗೆ ಕೊಡಲಿಲ್ಲ. ಡೆಸ್ಕಾಹೆಯ ಅರ್ಜಿಗೂ ಇದಕ್ಕೂ ಮುಕ್ಕಾಲು ಶತಮಾನದ ಅಂತರವಿದೆ. ಈ ಬಾರಿ ದೂರು ಕಡತಕ್ಕೆ ಸೇರಿತು, ಓದಲ್ಪಟ್ಟಿತು, ಸರಿಯೆಂದು ಕಂಡಿತು, ಅಷ್ಟಾದರೂ ತಡೆದು ನಿಂತಿತು. ಸಂವಿಧಾನದ ಐದನೆಯ ಅನುಸೂಚಿಯಡಿ ಘೋಷಿತವಾದ ಒಂದು ಪ್ರದೇಶವೂ ಕರ್ನಾಟಕದಲ್ಲಿ ಇಲ್ಲದಿರುವುದರಿಂದ, ಇತರ ರಾಜ್ಯಗಳ ಆದಿವಾಸಿ ಗ್ರಾಮಸಭೆಗಳಿಗೆ 1996ರ ಪೆಸಾ ಕಾಯ್ದೆ ನೀಡುವ ಅಧಿಕಾರ ಇಲ್ಲಿನವರಿಗೆ ದೊರೆಯದು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಸತಿಗಳಾದ ಪೋಡುಗಳಿಗೆ 2011ರಲ್ಲಿ ಸಮುದಾಯ ಹಕ್ಕು ದೊರೆತದ್ದು ಈ ಕೊರತೆಯ ನಡುವಿನ ದೊಡ್ಡ ಗಳಿಕೆ.

ಇನ್ನೊಂದು ಸಾಧನ ಬಹುತೇಕ ಮರೆತುಹೋಗಿದೆ. 107ನೆಯ ಒಡಂಬಡಿಕೆ ಹಳೆಯದಾಗಿ ಹೊಸ ಅಂಗೀಕಾರಕ್ಕೆ ಮುಚ್ಚಿದ್ದರೂ ಭಾರತದ ಮೇಲೆ ಅದರ ಬದ್ಧತೆ 1958ರಿಂದ ಇಂದಿನವರೆಗೂ ಮುಂದುವರಿದಿದೆ. ಅದರ ಪಾಲನೆಯ ಬಗ್ಗೆ ಸರ್ಕಾರ ನಿಯತವಾಗಿ ಜಿನೀವಾದ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಗೆ ವರದಿ ಸಲ್ಲಿಸಬೇಕು, ಅಲ್ಲಿನ ತಜ್ಞರ ಸಮಿತಿ ಅದನ್ನು ಪರಿಶೀಲಿಸುತ್ತದೆ, ಸರ್ದಾರ್ ಸರೋವರ ಅಣೆಕಟ್ಟಿನಿಂದಾದ ಆದಿವಾಸಿಗಳ ಸ್ಥಳಾಂತರ ಆ ಸಮಿತಿಯ ಟಿಪ್ಪಣಿಗಳಲ್ಲಿ ಚರ್ಚೆಯಾದದ್ದೂ ಹೀಗೆಯೇ. ಆ ವರದಿಯ ಮೇಲೆ ಅಭಿಪ್ರಾಯ ಸಲ್ಲಿಸುವ ಹಕ್ಕು ಆದಿವಾಸಿ ಸಂಘಟನೆಗಳಿಗೆ ನೇರವಾಗಿ ಇಲ್ಲ, ದೇಶದ ಕಾರ್ಮಿಕ ಸಂಘಗಳಿಗೆ ಇದೆ. ಕರ್ನಾಟಕದ ಕಾರ್ಮಿಕ ಸಂಘಗಳು ಹಾಡಿ ಮತ್ತು ಪೋಡುಗಳ ಗ್ರಾಮಸಭೆಗಳೊಡನೆ ಕುಳಿತು, ಅವರ ಮಾತನ್ನು ಅವರ ಹೆಸರಿನಲ್ಲಿಯೇ ಬರೆಸಿಕೊಂಡು, ಮುಂದಿನ ವರದಿಯ ಹೊತ್ತಿಗೆ ಆ ಸಮಿತಿಗೆ ತಲುಪಿಸಬೇಕು. 169ನೆಯ ಒಡಂಬಡಿಕೆಯನ್ನು ಭಾರತ ಅಂಗೀಕರಿಸಬೇಕೆಂದೂ ಅದರೊಡನೆ ಒತ್ತಾಯಿಸಬೇಕು.